ಬಿಟ್ಟುಬಂದ ಲಕ್ಷಂವೀಡಿನ ಹೊಸ ನಕ್ಷೆಯಲ್ಲಿ ನಮ್ಮ ಮಾತಿಗೆ ಬೆಲೆಯಿದೆಯೇ?

ಪ್ರಶ್ನೆ: ನಾವು ಬೆಳೆದದ್ದು ಲಕ್ಷಂವೀಡಿನಲ್ಲಿ, ಅಂದರೆ ಬಡವರಿಗೆಂದು ಸರಕಾರ ಕಟ್ಟಿಸಿದ ಜೋಡಿ ಮನೆಯಲ್ಲಿ. ನಡುವೆ ಒಂದೇ ಗೋಡೆ, ಆಚೆ ಈಚೆ ಎರಡು ಸಂಸಾರ. ಮಾಡು ಸೋರಿ ಇರಲಾಗದೆ ಈಗ ಪಕ್ಕದ ವಾರ್ಡಿನಲ್ಲಿ ಬಾಡಿಗೆಗೆ ಇದ್ದೇವೆ. ಹಳೆ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುವ ಮಾತು ನಡೆದಿದೆ. ‘ಬಿಟ್ಟುಹೋದವರನ್ನು ಯಾಕೆ ಕೇಳಬೇಕು’ ಅನ್ನುತ್ತಾರೆ. ನಾವು ಬಾಯಿ ಹಾಕಬಹುದೇ?
– ಬೀಡಿ ಕಾರ್ಮಿಕೆ, ಕಾಸರಗೋಡು

ಉತ್ತರ: ಧಾರಾಳವಾಗಿ ಹಾಕಿ ಅಕ್ಕಾ. ಮೊದಲು ಮತದಾರರ ಪಟ್ಟಿ ನೋಡಿ. ನಮ್ಮಲ್ಲಿ ಗ್ರಾಮಸಭೆ ಅಂದರೆ ವಾರ್ಡಿನ ಮತದಾರರ ಸಭೆ. ಹೆಸರು ಇನ್ನೂ ಹಳೆ ವಾರ್ಡಿನಲ್ಲಿದ್ದರೆ ಹೋಗಿ ಕೂತು ಮಾತಾಡುವುದು ನಿಮ್ಮ ಹಕ್ಕು. ಇಲ್ಲದಿದ್ದರೆ ಪಂಚಾಯತಿಗೆ ಅರ್ಜಿ ಕೊಡಿ. ಕನ್ನಡದಲ್ಲೇ ಬರೆಯಿರಿ, ಕೇರಳದ 1969ರ ಭಾಷಾ ಕಾನೂನು ಇಲ್ಲಿನ ಕನ್ನಡಿಗರಾದ ನಮಗೆ ಆ ಅವಕಾಶ ಕೊಟ್ಟಿದೆ. ಪಟ್ಟಯ (ಜಾಗದ ಹಕ್ಕುಪತ್ರ) ಅಪ್ಪನ ಹೆಸರಿನಲ್ಲಿದ್ದರೆ ವಾರಸುದಾರರ ಕಾಗದವನ್ನೂ ಈಗಲೇ ಮಾಡಿಸಿಡಿ.

ಇನ್ನು ಏನು ಹೇಳಬೇಕು ಅನ್ನುವುದು. ನಾನು ಓವರ್ಸಿಯರ್ ಆಗಿ ದುಡಿದವನು. ಮೇಜಿನ ಮೇಲೆ ಬರುವ ನಕ್ಷೆಯಲ್ಲಿ ಬೆಡ್‌ರೂಮ್ ಇರುತ್ತದೆ, ಜಗಲಿ ಇರುವುದಿಲ್ಲ. ಮೊರ ಇಟ್ಟುಕೊಂಡು ಬೀಡಿ ಕಟ್ಟುವವರು ಎಲ್ಲಿ ಕೂರಬೇಕು? ಆಟಿಯ ಮಳೆಗೆ ಯಾವ ಗೋಡೆ ನೆನೆಯುತ್ತಿತ್ತು, ಅಂಗಳದಲ್ಲಿ ನೀರು ಎಲ್ಲಿ ನಿಲ್ಲುತ್ತಿತ್ತು, ಬಾವಿ ಯಾವಾಗ ಬತ್ತುತ್ತಿತ್ತು, ಇದೆಲ್ಲ ಎಂಜಿನಿಯರಿಗೆ ಗೊತ್ತಿಲ್ಲ. ಅಲ್ಲಿ ಉಳಿದವರು ಹೇಗೋ ಹೊಂದಿಕೊಂಡಿದ್ದಾರೆ. ಹೊಂದಿಕೊಳ್ಳಲಾಗದೆ ಹೊರಟವರು ನೀವು. ಯಾಕೆ ಹೊರಟಿರಿ ಅನ್ನುವುದನ್ನೇ ಬರೆದು ಕೊಡಿ.

ನಡುಗೋಡೆಯ ವಿಷಯ ಮಾತ್ರ ಬಿಡಬೇಡಿ. 1972ರಲ್ಲಿ ಕೇರಳದ ಅಚ್ಯುತ ಮೇನೋನ್ ಸರಕಾರದ ಸಚಿವ ಎಂ.ಎನ್. ಗೋವಿಂದನ್ ನಾಯರ್ ಒಂದು ಲಕ್ಷ ಮನೆಗಳ ಗುರಿ ಇಟ್ಟುಕೊಂಡು ಹೊರಟಾಗ, ಎರಡು ಮನೆಗೆ ಒಂದು ಗೋಡೆ ಅಂದರೆ ಖರ್ಚು ಉಳಿಯುತ್ತಿತ್ತು. ಈಗ ಅದೇ ತಲೆನೋವು. ನಿಮ್ಮ ಅರ್ಧ ಕೆಡವಿದರೆ ಪಕ್ಕದವರ ಮಾಡಿನ ಪಕಾಸು ಯಾವುದರ ಮೇಲೆ ನಿಲ್ಲಬೇಕು? ಎರಡನ್ನೂ ಒಟ್ಟಿಗೆ ಕೆಡವಿ ಬೇರೆ ಬೇರೆ ಕಟ್ಟಬೇಕು. ಅದಕ್ಕೆ ಆಚೆ ಮನೆಯವರ ಒಪ್ಪಿಗೆಯನ್ನು ಮೊದಲೇ ಬರೆಸಿಕೊಳ್ಳಿ. ನೆಂಟಸ್ತಿಕೆ ಇದ್ದರೂ ಬರೆಸಿ.

ಕೇರಳ ಸರಕಾರದ ವಸತಿ ಯೋಜನೆಯಾದ ಲೈಫ್ ಮಿಷನ್‌ನಲ್ಲಿ ಸಾಮಾನ್ಯವಾಗಿ ಒಂದು ಮನೆಗೆ ಸಿಗುವುದು 4 ಲಕ್ಷ, ಅದೂ ಕಂತಿನಲ್ಲಿ. ಅಷ್ಟರಲ್ಲಿ ಎಲ್ಲವನ್ನೂ ಕೇಳಿದರೆ ಯಾವುದೂ ಸಿಗುವುದಿಲ್ಲ. ನಾನಾದರೆ ಕೋಣೆ ಚಿಕ್ಕದಾದರೂ ಸರಿ, ಜಗಲಿ ಬಿಡುತ್ತಿರಲಿಲ್ಲ.

ನಿಮ್ಮ ಹಾಗೆ ಬಿಟ್ಟುಹೋದ ಬೇರೆಯವರನ್ನೂ ಸೇರಿಸಿಕೊಳ್ಳಿ. ನಕ್ಷೆ ಪಾಸಾಗುವ ಮೊದಲೇ ಹೋಗಿ. ಸಭೆಯಲ್ಲಿ ಹೇಳಿದ್ದು ಮಿನಿಟ್ಸ್ ಪುಸ್ತಕಕ್ಕೆ ಬಂತೋ ನೋಡಿ, ಅರ್ಜಿಗೆ ರಶೀದಿ ಸಿಗದೆ ಆಫೀಸಿನಿಂದ ಹೊರಡಬೇಡಿ.