ಪೊಲೀಸರು ಮೊಬೈಲ್ ಕೇಳಿದರೆ ಲಾಕ್ ನಂಬರನ್ನೂ ಹೇಳಬೇಕೆ?

ನಿಮ್ಮ ಮನೆ ಮಂಜೇಶ್ವರದಲ್ಲಿ, ಕೆಲಸ ಮಂಗಳೂರಿನಲ್ಲಿ. ವಾಟ್ಸ್‌ಆಪ್ ಗ್ರೂಪಿನ ಕೇಸೊಂದರಲ್ಲಿ ಮೊಬೈಲ್ ತೆಗೆದುಕೊಂಡು ಸ್ಟೇಷನ್ನಿಗೆ ಬನ್ನಿ ಎಂದಿದ್ದಾರೆ, ಲಾಕ್ ನಂಬರೂ ಕೊಡಬೇಕೆ ಎಂದು ಕೇಳಿದ್ದೀರಿ.

ಮೊಬೈಲಿನ ಮಾತು ಬೇರೆ, ನಂಬರಿನ ಮಾತು ಬೇರೆ. ಮೊಬೈಲನ್ನು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೆಯ ಸಿಆರ್‌ಪಿಸಿಯ ಬದಲು ಬಂದ ಕಾನೂನು) 94ನೇ ಸೆಕ್ಷನ್ನಿನ ನೋಟಿಸಿನಲ್ಲಿ ತರಿಸಿಕೊಳ್ಳಬಹುದು, 106ರಲ್ಲಿ ವಾರಂಟಿಲ್ಲದೆಯೂ ವಶಪಡಿಸಿಕೊಳ್ಳಬಹುದು. ಅಡ್ಡ ಬರಬೇಡಿ. ಬರೀ ಬಾಯಿಮಾತಿನ ಕರೆಯಾದರೆ ಲಿಖಿತ ನೋಟಿಸು ಕೇಳಿ. ನೀವು ಸಾಕ್ಷಿಯೋ ಆರೋಪಿಯೋ ತಿಳಿದುಕೊಳ್ಳಿ.

ನಂಬರಿನ ವಿಷಯಕ್ಕೆ ಸಂವಿಧಾನದ 20(3)ನೇ ವಿಧಿ ಬರುತ್ತದೆ: ಆರೋಪಿಯಿಂದ ಅವನ ವಿರುದ್ಧವೇ ಸಾಕ್ಷಿ ಹೇಳಿಸುವಂತಿಲ್ಲ. ಬೆರಳಚ್ಚು ಅಂಥ ಸಾಕ್ಷಿಯಲ್ಲವೆಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ತಲೆಯೊಳಗಿನ ನಂಬರಿನ ಬಗ್ಗೆ ಮಾತ್ರ ಕೋರ್ಟುಗಳಲ್ಲೇ ಒಮ್ಮತವಿಲ್ಲ. ಪಾಸ್‌ವರ್ಡ್ ಕೊಟ್ಟರೆ ಸಾಕ್ಷಿ ನುಡಿದಂತಾಗದು ಎಂದು ಕರ್ನಾಟಕ ಹೈಕೋರ್ಟ್ 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹೇಳಿತು. ಕೊಡದಿದ್ದರೆ ಪೊಲೀಸರು ಕೋರ್ಟಿಗೆ ಹೋಗಲಿ ಎಂದಿತು. ಒತ್ತಾಯಿಸುವಂತೆಯೇ ಇಲ್ಲ ಎಂದು 2022ರಲ್ಲಿ ದೆಹಲಿಯ ಸಿಬಿಐ ವಿಶೇಷ ಕೋರ್ಟ್ ಹೇಳಿತು. ತಲಪಾಡಿ ಗಡಿಯಿಂದ ಈಚೆಗೆ, ಅಂದರೆ ನಮ್ಮ ಕೇರಳದಲ್ಲಿ, ಕರ್ನಾಟಕದ ತೀರ್ಪು ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಹಾಗಾಗಿ ಕೇಸು ಕರ್ನಾಟಕದ ಉಳ್ಳಾಲದ್ದೋ ಕೇರಳದ ಮಂಜೇಶ್ವರದ್ದೋ ಎಂಬುದನ್ನು ಮೊದಲು ಕೇಳಿ.

ನನ್ನನ್ನು ಕೇಳಿದರೆ, ಎಸ್‌ಐ ಮೇಜಿನೆದುರು ನಿಂತು ಪ್ಯಾಟರ್ನ್ ಎಳೆದು ತೋರಿಸುವುದೇ ಎಲ್ಲಕ್ಕಿಂತ ಕೆಟ್ಟ ದಾರಿ. ಏನು ನೋಡಿದರು ಎಂಬುದಕ್ಕೆ ಕಾಗದವೇ ಇರುವುದಿಲ್ಲ. ಲ್ಯಾಬಿನಲ್ಲಿ ನಕಲು ತೆಗೆಯುವಾಗ ಬರುವ ಹ್ಯಾಶ್ ಸಂಖ್ಯೆ (ಆ ನಕಲಿನ ಗುರುತಿನ ಸಂಖ್ಯೆ) ಆಮೇಲಿನ ಬದಲಾವಣೆಯನ್ನಷ್ಟೇ ಹಿಡಿಯುತ್ತದೆ. ಅದಕ್ಕೆ ಮೊದಲು ಯಾರೋ ತಡಕಾಡಿದ್ದರೆ ಅದಕ್ಕೆ ಗೊತ್ತಾಗದು. ಫೋನನ್ನು ಸ್ವಿಚ್ ಆಫ್ ಮಾಡಿಯೇ ಕೊಡಿ. ಮತ್ತೆ ಆನ್ ಮಾಡಿದಾಗ ಬೆರಳು, ಮುಖ ನಡೆಯದು, ನಂಬರೇ ಬೇಕು.

ಅಳಿಸುವ ಕೆಲಸ ಮಾತ್ರ ಬೇಡವೇ ಬೇಡ. ಕೇಸಿಗೆ ಬೇಕಾದ ಮೆಸೇಜನ್ನು ಅಳಿಸಿದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಹಳೆಯ ಐಪಿಸಿಯ ಬದಲು ಬಂದದ್ದು) 238, 241ರಲ್ಲಿ ಅದೇ ಬೇರೊಂದು ಕೇಸು. ಗ್ರೂಪಿನಿಂದ ಹೊರಬಂದು ಚಾಟ್ ಕ್ಲಿಯರ್ ಮಾಡುವವರು ಸಿಕ್ಕಿಬೀಳುವುದು ಇಲ್ಲೇ.

ಮಹಜರು ನಮ್ಮಲ್ಲಿ ಸಾಮಾನ್ಯವಾಗಿ ಮಲಯಾಳದಲ್ಲಿರುತ್ತದೆ. ಓದಲು ಬಾರದಿದ್ದರೆ ಓದಿಸಿ, ಅರ್ಥವಾದ ಮೇಲೆ ಸಹಿ ಹಾಕಿ. *#06# ಒತ್ತಿದರೆ ಬರುವ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಎರಡಿದ್ದರೆ ಎರಡೂ, ಸಿಮ್, ಮೆಮೊರಿ ಕಾರ್ಡ್, ಪರದೆಯ ಬಿರುಕು ಎಲ್ಲ ಅದರಲ್ಲಿರಲಿ. ಒಂದು ಪ್ರತಿ ಕೇಳಿ ಪಡೆಯಿರಿ. ಶೋಧ, ಜಪ್ತಿಯ ವಿಡಿಯೊ ತೆಗೆಯಬೇಕೆಂದು ಬಿಎನ್‌ಎಸ್‌ಎಸ್ 105 ಹೇಳುತ್ತದೆ, ತೆಗೆದಿದ್ದೀರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕನ್ನಡದಲ್ಲೇ ಅರ್ಜಿ ಬರೆಯಲು ಕೇರಳದ ಭಾಷಾ ಕಾನೂನು ಅವಕಾಶ ಕೊಟ್ಟಿದೆ.

ಸಿಮ್ ಹೋದರೆ ಬ್ಯಾಂಕಿನ ಒಟಿಪಿಯೂ ಹೋಯಿತು. ತನಿಖಾಧಿಕಾರಿಗೆ ತಿಳಿಸಿ ಡೂಪ್ಲಿಕೇಟ್ ಸಿಮ್ ಮಾಡಿಸಿ. ಮೊದಲ 24 ಗಂಟೆ ಎಸ್‌ಎಂಎಸ್ ಬಾರದು.

ಮೊಬೈಲ್ ವಾಪಸು ಬೇಕಾದರೆ ಸ್ಟೇಷನ್ನಿಗೆ ಅಲೆಯಬೇಡಿ, ಮ್ಯಾಜಿಸ್ಟ್ರೇಟರ ಮುಂದೆ ಬಿಎನ್‌ಎಸ್‌ಎಸ್ 503ರ ಅರ್ಜಿ ಹಾಕಿ. ವಶಪಡಿಸಿಕೊಂಡ ವಸ್ತು ಠಾಣೆಯಲ್ಲಿ ಸುಮ್ಮನೆ ಕೊಳೆಯಬಾರದೆಂದು ಸುಪ್ರೀಂ ಕೋರ್ಟ್ 2002ರ ಸುಂದರ್‌ಭಾಯಿ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಬಾಂಡ್ ಬರೆದುಕೊಡಬೇಕಾದೀತು, ಖರೀದಿಯ ಬಿಲ್ಲು, ಐಎಂಇಐ ಅಚ್ಚಾಗಿರುವ ಡಬ್ಬಿ ಜೊತೆಗಿರಲಿ.