ಬುಷ್ ವೈಪರ್ ವಿಷದ ಪ್ರಾಜೆಕ್ಟ್‌ಗೆ ಸಾಮಾನ್ಯ ಪ್ರೋಟಿಯೋಮಿಕ್ಸ್ ವಿಧಾನ ಸಾಕೇ?

ಪ್ರಶ್ನೆ: ಬಯೋಕೆಮಿಸ್ಟ್ರಿ ಎಂಎಸ್ಸಿ ಮಾಡುತ್ತಿದ್ದೇನೆ. ಆಫ್ರಿಕದ ಬುಷ್ ವೈಪರ್ (ಅಥೆರಿಸ್ ಸ್ಕ್ವಾಮಿಗೆರಾ) ವಿಷದ ಮೇಲೆ ಪ್ರಾಜೆಕ್ಟ್ ಆಲೋಚನೆ ಇದೆ. ಜೆಲ್ ಓಡಿಸಿ, ಟ್ರಿಪ್ಸಿನ್ ಹಾಕಿ, ಮಾಸ್ ಸ್ಪೆಕ್‌ಗೆ ಕೊಟ್ಟರೆ ಸಾಕಲ್ಲವೇ? ಈ ಹಾವು ಕಚ್ಚಿದರೆ ಕೊಡುವ ಆಂಟಿವೆನಮ್ ಯಾವುದು?

ಉತ್ತರ:

ಸಾಲದು. ನೀವು ಹೇಳಿದ ದಾರಿಯಲ್ಲಿ ಹೋದರೆ ಯಾವುದೇ ಮಂಡಲದ ಹಾವಿನಲ್ಲಿ ಸಿಗುವ ಪಟ್ಟಿಯೇ ಸಿಗುತ್ತದೆ: ಮೆಟಲೋಪ್ರೋಟಿಯೇಸ್, ಸೆರೀನ್ ಪ್ರೋಟಿಯೇಸ್, ಫಾಸ್ಫೊಲೈಪೇಸ್ ಎ2, ಸಿ-ಟೈಪ್ ಲೆಕ್ಟಿನ್, ಡಿಸಿಂಟೆಗ್ರಿನ್. ಅಥೆರಿಸ್‌ನಲ್ಲಿ ವಿಶೇಷವಾಗಿ ನೋಡಬೇಕಾದ ವಸ್ತು ಮಾತ್ರ ನಿಮ್ಮ ಕಣ್ಣೆದುರೇ ಸೋರಿಹೋಗುತ್ತದೆ.

ಅದೊಂದು ಪುಟ್ಟ ಪೆಪ್ಟೈಡ್. ಫಿಲಿಪ್ ಫಾವ್ರೋ ಮತ್ತು ಸಂಗಡಿಗರು 2007ರಲ್ಲಿ ಸ್ಕ್ವಾಮಿಗೆರಾ ವಿಷದಲ್ಲಿ ಇದನ್ನು ವಿವರಿಸಿದರು. ಇದರ ಸರಪಳಿ ನೋಡಿ: ಒಂದು ಗ್ಲುಟಮಿಕ್ ಆಮ್ಲ, ಎರಡು ಆಸ್ಪಾರ್ಟಿಕ್ ಆಮ್ಲ, ಸಾಲಾಗಿ 9 ಹಿಸ್ಟಿಡಿನ್, ಆಮೇಲೆ ಗ್ಲೈಸಿನ್, ವ್ಯಾಲಿನ್, ಕೊನೆಗೆ 10 ಗ್ಲೈಸಿನ್. ಒಟ್ಟು 24 ಅಮೈನೋ ಆಮ್ಲ, ತೂಕ ಸುಮಾರು 2.3 ಕಿಲೋಡಾಲ್ಟನ್. ಸಾಲುಗಟ್ಟಿದ ಹಿಸ್ಟಿಡಿನ್ ಲೋಹದ ಅಯಾನುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಮೆಟಲೋಪ್ರೋಟಿಯೇಸ್ ಕೆಲಸ ಮಾಡಲು ಸತು ಬೇಕು. ಹಾಗಾಗಿ ಗ್ರಂಥಿಯಲ್ಲಿ ಶೇಖರವಾದ ಕಿಣ್ವಗಳು ಹಾವನ್ನೇ ಜೀರ್ಣಿಸದಂತೆ ಈ ಪೆಪ್ಟೈಡ್ ತಡೆಯುತ್ತದೆ, ಕಚ್ಚಿದಾಗ ವಿಷ ತೆಳುವಾಗಿ ಆ ತಡೆ ಬಿಡುತ್ತದೆ ಎಂಬ ವಾದವಿದೆ. ಉರಿಮಂಡಲದ (ಎಕಿಸ್ ಕುಲ) ಆಫ್ರಿಕದ ಸೋದರ ಜಾತಿಗಳಲ್ಲೂ ಇಂಥ ಪೆಪ್ಟೈಡ್‌ಗಳಿವೆ.

ಇನ್ನು ಇದು ಕೈತಪ್ಪುವುದು ಹೇಗೆ ನೋಡಿ. ಸರಪಳಿಯಲ್ಲಿ ಲೈಸಿನ್ ಇಲ್ಲ, ಆರ್ಜಿನಿನ್ ಇಲ್ಲ, ಆ ಎರಡರ ಬಳಿ ಮಾತ್ರ ಪ್ರೋಟೀನ್ ತುಂಡರಿಸುವ ಟ್ರಿಪ್ಸಿನ್ ಕಿಣ್ವ ಇದನ್ನು ಕತ್ತರಿಸುವುದೇ ಇಲ್ಲ. ಟ್ರಿಪ್ಟೊಫಾನ್, ಟೈರೊಸಿನ್ ಕೂಡ ಇಲ್ಲವಾದ್ದರಿಂದ 280 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಕಾಣುವುದಿಲ್ಲ, ಡಿಟೆಕ್ಟರ್ 214ರಲ್ಲಿರಲಿ. ಮಾಮೂಲಿ ಜೆಲ್‌ನಿಂದ ಹೊರಗೇ ಓಡಿಹೋಗುತ್ತದೆ. ಪ್ರೋಟೀನ್ ಸಾಂದ್ರಗೊಳಿಸಲು 10 ಕಿಲೋಡಾಲ್ಟನ್ ಫಿಲ್ಟರ್ ಬಳಸಿದರೆ ಕೆಳಗೆ ಬಿದ್ದ ದ್ರವದಲ್ಲಿರುತ್ತದೆ, ಆ ದ್ರವವನ್ನು ಎಲ್ಲರೂ ಸಿಂಕ್‌ಗೆ ಸುರಿಯುತ್ತಾರೆ. ನೀರನ್ನು ಬಹಳ ಇಷ್ಟಪಡುವ ಪೆಪ್ಟೈಡ್ ಆದ್ದರಿಂದ ಸಿ18 ಟ್ರ್ಯಾಪ್ ಕಾಲಂ (ನೀರನ್ನು ಇಷ್ಟಪಡದ ಪದಾರ್ಥಗಳನ್ನು ಹಿಡಿದಿಡುವ ಕೊಳವೆ) ಮೇಲೆ ಲವಣ ತೊಳೆಯುವಾಗಲೂ ಜಾರುತ್ತದೆ. ಟ್ರಾನ್ಸ್‌ಕ್ರಿಪ್ಟೋಮ್ (ಗ್ರಂಥಿಯ ಆರ್‌ಎನ್‌ಎ ಸರಣಿಗಳ ಪಟ್ಟಿ) ಇದ್ದರೂ ಕಂಟಕ ತಪ್ಪಿದ್ದಲ್ಲ: ಸರಣಿಗಳನ್ನು ಹೋಲಿಸುವ ಬ್ಲಾಸ್ಟ್ ಹುಡುಕಾಟದಲ್ಲಿ ಕಡಿಮೆ ಸಂಕೀರ್ಣತೆಯ ಭಾಗಗಳನ್ನು ಮುಚ್ಚುವ ಫಿಲ್ಟರ್ ಆನ್ ಆಗಿದ್ದರೆ ಹಿಸ್ಟಿಡಿನ್, ಗ್ಲೈಸಿನ್ ಸಾಲುಗಳು ಅಳಿಸಿಹೋಗುತ್ತವೆ. ಅದನ್ನು ಆಫ್ ಮಾಡಿ, ನ್ಯಾಟ್ರಿಯುರೆಟಿಕ್ ಪೆಪ್ಟೈಡ್‌ನ ಪೂರ್ವರೂಪದೊಳಗೇ ಹುಡುಕಿ. ಇದು ಅದರ ಜೊತೆಯಲ್ಲೇ ಸಂಕೇತಗೊಂಡಿರುತ್ತದೆ.

ಹೀಗೆ ಮಾಡಿ: 1 ಮಿಲಿಗ್ರಾಂ ಒಣ ವಿಷವನ್ನು 0.1% ಟಿಎಫ್‌ಎ (ಟ್ರೈಫ್ಲೋರೋಅಸೆಟಿಕ್ ಆಮ್ಲ) ಇರುವ 5% ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಸಿ18 ಕಾಲಂಗೆ ಹಾಕಿ. ಮೊದಲ 10 ನಿಮಿಷ 5%ರಲ್ಲೇ ನಿಲ್ಲಿಸಿ, ಬಳಿಕ ನಿಧಾನವಾಗಿ 70%ಕ್ಕೆ ಏರಿಸಿ. ಮೊದಲಲ್ಲೇ ಬರುವ ಭಾಗಗಳನ್ನು ಬಿಸಾಡದೆ, ಟ್ರಿಪ್ಸಿನ್ ಹಾಕದೆ, ಇದ್ದಂತೆಯೇ ಮಾಸ್ ಸ್ಪೆಕ್‌ಗೆ ಕೊಡಿ. ಹಿಸ್ಟಿಡಿನ್ ಹೆಚ್ಚಿರುವುದರಿಂದ ಒಂದೇ ಪೆಪ್ಟೈಡ್ ಹಲವು ಧನಾವೇಶಗಳನ್ನು ಹೊತ್ತು ಬರುತ್ತದೆ. ತೂಕವನ್ನು ಆವೇಶದಿಂದ ಭಾಗಿಸಿದ ಅಳತೆಯಲ್ಲಿ (m/z) ಮೂರು ಆವೇಶದ್ದು 780ರ ಸುಮಾರಿಗೆ, ನಾಲ್ಕರದ್ದು 585ರ ಸುಮಾರಿಗೆ ಕಾಣಬೇಕು. ಉಳಿದ ದೊಡ್ಡ ಭಾಗಗಳಿಗೆ ನಿಮ್ಮ ಜೆಲ್ ಮತ್ತು ಟ್ರಿಪ್ಸಿನ್ ದಾರಿ ಸರಿ.

ಆದರೆ ಈ ಕಾಲಂನಿಂದ ಬಂದ ಮೆಟಲೋಪ್ರೋಟಿಯೇಸ್ ಮೇಲೆ ಕಿಣ್ವ ಪರೀಕ್ಷೆ ಮಾಡಬೇಡಿ. ಟಿಎಫ್‌ಎ ಆಮ್ಲ ಮತ್ತು ಅಸಿಟೋನೈಟ್ರೈಲ್ ಸೇರಿ ಸತುವನ್ನು ಕಳಚಿ, ಪ್ರೋಟೀನ್‌ನ ಮಡಿಕೆ ಬಿಚ್ಚಿಬಿಡುತ್ತವೆ. ಬರುವ ಸೊನ್ನೆ ಫಲಿತಾಂಶ ವಿಷದ್ದಲ್ಲ, ನಿಮ್ಮ ವಿಧಾನದ್ದು. ಚಟುವಟಿಕೆ ಬೇಕಿದ್ದರೆ ಇನ್ನೊಂದು ಪಾಲನ್ನು ಟ್ರಿಸ್ ಬಫರ್‌ನಲ್ಲಿ ಜೆಲ್ ಫಿಲ್ಟ್ರೇಶನ್, ಅಯಾನ್ ಎಕ್ಸ್‌ಚೇಂಜ್ ಮೂಲಕ ಬೇರ್ಪಡಿಸಿ. ಸತುವಿನ ಪ್ರಯೋಗಗಳಿಗೆ ಫಾಸ್ಫೇಟ್ ಬಫರ್ ಬೇಡ, ಸತು ಫಾಸ್ಫೇಟ್ ಆಗಿ ತಳಕ್ಕಿಳಿಯುತ್ತದೆ.

ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಲ್ಲಿ ಎಡವುವವರು ಬಹಳ. 3.2% ಸೋಡಿಯಂ ಸಿಟ್ರೇಟ್ 1 ಭಾಗಕ್ಕೆ ರಕ್ತ 9 ಭಾಗ ತೆಗೆದುಕೊಂಡು ಪ್ಲಾಸ್ಮಾ ಬೇರ್ಪಡಿಸಿ. ಕ್ಯಾಲ್ಸಿಯಂ ಸೇರಿಸಿದ ಮೇಲೆ ವಿಷವಿಲ್ಲದ ಪ್ಲಾಸ್ಮಾ ಕೂಡ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ, ಗಾಜಿನ ಕೊಳವೆಯಲ್ಲಿ ಇನ್ನೂ ಬೇಗ. ಪ್ರತಿ ಸಲವೂ ವಿಷವಿಲ್ಲದ ಕಂಟ್ರೋಲ್ ಇರಲೇಬೇಕು. ಮೆಟಲೋಪ್ರೋಟಿಯೇಸ್ ತಡೆಯಲು ಇಡಿಟಿಎ ಹಾಕಿ, ಹೆಪ್ಪುಗಟ್ಟಲಿಲ್ಲ ಎಂದು ಸಂಭ್ರಮಿಸುವವರಿದ್ದಾರೆ. ಇಡಿಟಿಎ ಕ್ಯಾಲ್ಸಿಯಂ ಅನ್ನೂ ಹಿಡಿಯುತ್ತದೆ, ವಿಷ ಇಲ್ಲದಿದ್ದರೂ ಆ ಪ್ಲಾಸ್ಮಾ ಹೆಪ್ಪುಗಟ್ಟುತ್ತಿರಲಿಲ್ಲ! ಮೆಟಲೋಪ್ರೋಟಿಯೇಸ್ ತಡೆಯಲು ಮಾರಿಮಾಸ್ಟಾಟ್ ಎಂಬ ರಾಸಾಯನಿಕ ಬಳಸಿ, ಸೆರೀನ್ ಪ್ರೋಟಿಯೇಸ್ ತಡೆಯಲು ಪಿಎಂಎಸ್‌ಎಫ್ ಬಳಸಿ, ಎರಡನ್ನೂ ಪ್ಲಾಸ್ಮಾಗಲ್ಲ, ಮೊದಲು ವಿಷಕ್ಕೆ ಸೇರಿಸಿಡಿ. ಕ್ಯಾಲ್ಸಿಯಂ ಹಾಕದೆ ಶುದ್ಧ ಫೈಬ್ರಿನೋಜೆನ್ ಮೇಲೂ ಒಮ್ಮೆ ನೋಡಿ. ಹೆಪ್ಪುಗಟ್ಟಿದರೆ ಥ್ರೋಂಬಿನ್‌ನಂಥ ಕಿಣ್ವ ಇದೆ ಎಂದರ್ಥ.

ಆಂಟಿವೆನಮ್ ವಿಚಾರ. ಅಥೆರಿಸ್‌ಗೆಂದೇ ತಯಾರಾದದ್ದು ಇಲ್ಲ. ಸಣ್ಣ ಹಾವೆಂದು ಸಲುಗೆ ಬೇಡ: ಸ್ಕ್ವಾಮಿಗೆರಾ ಕಡಿತದಿಂದ ಸಾವಾದ ಪ್ರಕರಣ 1991ರಲ್ಲಿ ಪ್ರಕಟವಾಗಿದೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ತೀವ್ರವಾಗಿ ಕುಸಿದ ಇನ್ನೊಂದು ಪ್ರಕರಣ 1998ರಲ್ಲಿ. ಆಫ್ರಿಕದ ಎಕಿಸ್ ಹಾವುಗಳ ಆಂಟಿವೆನಮ್ ಒಂದು ಪ್ರಕರಣದಲ್ಲಿ ಒಂದಿಷ್ಟು ನೆರವಾದ ವರದಿಯಿದೆ. ನಮ್ಮ ಉರಿಮಂಡಲವೂ ಎಕಿಸ್ ಆದ್ದರಿಂದ ಭಾರತದ ಪಾಲಿವ್ಯಾಲೆಂಟ್ ಸಾಕು ಎಂದು ಮಾತ್ರ ಊಹಿಸಬೇಡಿ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಎಂಬ ನಮ್ಮ ನಾಲ್ಕಕ್ಕೆ ಮಾಡಿದ್ದು. ಭಾರತದಲ್ಲಿ ತಯಾರಾದ ಒಂದು ಆಂಟಿವೆನಮ್ಮನ್ನು ಘಾನಾದಲ್ಲಿ ಅಲ್ಲಿನ ಎಕಿಸ್ ಕಡಿತಕ್ಕೆ ಬಳಸಿದಾಗ ಸಾವಿನ ಪ್ರಮಾಣ 1.8%ರಿಂದ 12.1%ಕ್ಕೆ ಏರಿತ್ತು. ಒಂದೇ ಕುಲದೊಳಗೇ ಹೀಗಾದರೆ, ಬೇರೆ ಕುಲದ ಅಥೆರಿಸ್‌ಗೆ ಕೇಳುವುದೇ ಬೇಡ. ಜೀವಂತ ಹಾವನ್ನು ಲ್ಯಾಬ್‌ನಲ್ಲಿ ಇಟ್ಟುಕೊಳ್ಳುವ ಯೋಚನೆ ಇದ್ದರೆ ಅದನ್ನು ಬಿಡಿ. ಒಣ ವಿಷ ಸಾಕು.

ಒಣ ವಿಷದಲ್ಲೇ ಹಾವಿನ ಎಂಆರ್‌ಎನ್‌ಎ ಉಳಿದಿರುತ್ತದೆ, ಅದರಿಂದ ವಿಷದ ಜೀನ್‌ಗಳನ್ನು ಓದಬಹುದು. ಗ್ರಂಥಿಗಾಗಿ ಹಾವನ್ನು ಕೊಲ್ಲಬೇಕಿಲ್ಲ. ಮೈಟೋಕಾಂಡ್ರಿಯದ ಡಿಎನ್‌ಎ ಕೂಡ ಸಿಗುತ್ತದೆ, ಅದರಿಂದ ಜಾತಿ ಖಚಿತಪಡಿಸಬಹುದು. ಸ್ಕ್ವಾಮಿಗೆರಾದಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿವೆ, ಬಣ್ಣ ನೋಡಿ ಜಾತಿ ಹೇಳಲಾಗದು, ಸೀಸೆಯ ಲೇಬಲ್ ನಂಬಿ ಕೆಡಬೇಡಿ. ಹಾವು ಯಾವ ದೇಶದ್ದು ಎಂದು ಮಾರುವವರಿಂದ ಬರೆಸಿಕೊಳ್ಳಿ. ಸೀಸೆ ಬಂದ ದಿನವೇ 1 ಮಿಲಿಗ್ರಾಂ ತೆಗೆದು ಜಾತಿ ಖಚಿತಪಡಿಸಲೆಂದು ಮೈನಸ್ 80ರಲ್ಲಿ ಇಟ್ಟು, ಆಮೇಲೆ ಉಳಿದದ್ದನ್ನು ಮುಟ್ಟಿ.