ಮಳೆಗಾಲ ನೋಡದೆ ಮನೆ ಕೊಳ್ಳಬೇಡಿ

ಬೆಂಗಳೂರಿನ ಗದ್ದಲ ಸಾಕಾಗಿ ಕೊಡಗಿಗೆ ಬಂದು ನೆಲೆಸಿದ ದಂಪತಿಗಳು ಈಗೀಗ ನನ್ನ ಹತ್ತಿರ ಆಪ್ತಸಲಹೆಗೆ ಜಾಸ್ತಿ ಬರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಗಂಡ ಹೆಂಡತಿ ಇಬ್ಬರೂ ತಮ್ಮ ವಿಷಯ ಬರೆಯಲು ಒಪ್ಪಿದ್ದಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಗಂಡನದು ಮನೆಯಿಂದಲೇ ಮಾಡುವ ಕಂಪ್ಯೂಟರ್ ಕೆಲಸ. ಬೆಂಗಳೂರಿನ ದಾಸರಹಳ್ಳಿ ಕಡೆ 14 ವರ್ಷ ಇದ್ದವರು. ಡಿಸೆಂಬರ್‌ನಲ್ಲಿ ಸುತ್ತಾಡಲು ಬಂದು ಮಾದಾಪುರದ ಕಡೆ ತೋಟದೊಳಗಿನ ಒಂದು ಮನೆ ಮೆಚ್ಚಿದರು. ಮಾರ್ಚ್‌ನಲ್ಲಿ, ಕಾಫಿ ಹೂ ಬಿಡುವ ಹೊತ್ತಿಗೆ, ಬಾಡಿಗೆಗೆ ಬಂದರು. ದಾಸರಹಳ್ಳಿ ಮನೆ ಮಾರಿ ಇದನ್ನೇ ಕೊಳ್ಳುವ ಯೋಚನೆ. ನನ್ನ ಹತ್ತಿರ ಬಂದದ್ದು ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಜಡಿಮಳೆಯಲ್ಲಿ. "ಇವಳು ಮಾತೇ ಬಿಟ್ಟಿದ್ದಾಳೆ ಮೇಡಂ" ಎಂದರು ಗಂಡ.

ಎರಡು ಭೇಟಿಯಲ್ಲೂ ಅವರೊಬ್ಬರೇ ಮಾತಾಡಿದರು. ಮೂರನೆಯ ಸಲ ನಾನು ಆಕೆಗೆ ಕೇಳಿದೆ, "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನಾಯ್ತು ಹೇಳಿ."

ಮಳೆ. ಕರೆಂಟ್ ಇಲ್ಲ. ಗಂಡ ಲ್ಯಾಪ್‌ಟಾಪ್ ಹಿಡಿದು ಪೇಟೆಗೆ ಹೋದರು. ಬಸ್ಸಿಗೆ ಮೂರು ಕಿಲೋಮೀಟರ್ ನಡೆಯಬೇಕು, ದಾರಿಯುದ್ದಕ್ಕೂ ಇಂಬಳ, ಜೊತೆಗೆ ಆನೆ ಭಯ. ಅದಕ್ಕೆ ಮನೆಯಲ್ಲೇ ಕೂತಿದ್ದೆ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಹೂವಿನ ಅಜ್ಜಿ, ಕೆಳಗಿನ ಮನೆ ಅಕ್ಕ, ದಿನಾ ಯಾರಾದ್ರೂ 'ತಿಂಡಿ ಆಯ್ತೇನಮ್ಮಾ' ಅಂತಿದ್ರು" ಎಂದರು.

ಗಂಡ ತಡೆದರು. "ಅವರೆಲ್ಲಾ ಕೂಗಾಡ್ತಾರೆ ಅಂತ ನೀನೇ ಬೈತಿದ್ದೆ ಅಲ್ವಾ?"

"ಬೈತಿದ್ದೆ. ಬೈಯೋಕಾದ್ರೂ ಇದ್ರು."

ಗಂಡ ಮತ್ತೆ ಮಾತಾಡಲಿಲ್ಲ. ತಾನು ಯಾವುದನ್ನು ಗಲಾಟೆ ಎಂದು ಬಿಟ್ಟು ಬಂದೆನೋ, ಅದರಲ್ಲೇ ಹೆಂಡತಿಯ ಜನರೂ ಇದ್ದರು ಎಂಬುದು ಅವರಿಗೆ ಆಗಲೇ ಹೊಳೆದದ್ದು.

ಆಕೆಗೆ ನಿದ್ದೆ ಕೆಟ್ಟಿತ್ತು, ಊಟ ಸೇರುತ್ತಿರಲಿಲ್ಲ. ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ಮನೆಯಲ್ಲಿ ಒಬ್ಬರೇ ಇದ್ದಾಗ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ ಎಂದೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಇಬ್ಬರಿಗೂ ಹೇಳಿದ್ದು ಇಷ್ಟು: ಬೆಂಗಳೂರಿನ ಮನೆ ಈಗಲೇ ಮಾರಬೇಡಿ. ತೋಟದ ಮನೆ ಬಿಟ್ಟು ಸೋಮವಾರಪೇಟೆಯ ಒಳಗೇ ಒಂದು ಬಾಡಿಗೆ ಮನೆ ಹಿಡಿಯಿರಿ. ಆಕೆ ಸ್ಕೂಟರ್ ಕಲಿಯಲಿ, ಸೋಮವಾರದ ಸಂತೆಗೆ ತಾವೇ ಹೋಗಲಿ, ನಿಲ್ಲಿಸಿದ್ದ ಹೊಲಿಗೆ ಮತ್ತೆ ಶುರುಮಾಡಲಿ.

ಗಂಡನ ಅಣ್ಣ ಫೋನ್ ಮಾಡಿ ಸಿಟ್ಟಾದರು. "ನೀವೇ ಕೊಡಗಿನವರಾಗಿ ಹೀಗೆ ಹೆದರಿಸ್ತೀರಲ್ಲ?" ಕೊಡಗಿನವಳಾದ್ದರಿಂದಲೇ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಇಲ್ಲೇ ಹುಟ್ಟಿ ಬೆಳೆದವರು ಮನೆ ಬಿಟ್ಟು ಪರಿಹಾರ ಕೇಂದ್ರಗಳಲ್ಲಿ ಮಲಗಿದ್ದನ್ನು ನೋಡಿದ್ದೇನೆ. ಇಳಿಜಾರಿನ ಮನೆ ಇಷ್ಟವಾದರೆ ಜುಲೈನಲ್ಲಿ ಬಂದು ನೋಡಿ. ನೀರು ಎಲ್ಲಿ ಹರಿಯುತ್ತದೆ ಅಂತ ಅಕ್ಕಪಕ್ಕದವರನ್ನು ಕೇಳಿ. ಜಮ್ಮಾ ಜಾಗವಾದರೆ, ಅಂದರೆ ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯಾದರೆ, ಕಾಗದಪತ್ರ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ಅದಕ್ಕಿಂತ ಮೊದಲು, ನಿಮ್ಮ ಜೊತೆ ಬರುವವರು ಏನನ್ನು ಬಿಟ್ಟು ಬರುತ್ತಿದ್ದಾರೆ ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಿ. ಬಹಳ ಮನೆಗಳಲ್ಲಿ ಇದನ್ನು ಯಾರೂ ಕೇಳಿರುವುದೇ ಇಲ್ಲ.

ಸೆಪ್ಟೆಂಬರ್‌ನಲ್ಲಿ ಅವರು ಪೇಟೆಗೆ ಬಂದರು. ಆಕೆಯ ನಿದ್ದೆ ಈಗ ಸುಧಾರಿಸಿದೆ. ಗಂಡನಿಗೆ ತೋಟದ ಮನೆಯ ಆಸೆ ಇನ್ನೂ ಹೋಗಿಲ್ಲ, ಭಾನುವಾರ ಒಬ್ಬರೇ ಹೋಗಿ ನೋಡಿ ಬರುತ್ತಾರಂತೆ. ಬೆಂಗಳೂರಿನ ಮನೆ ಮಾರಿಲ್ಲ. ಇನ್ನೊಂದು ಮಳೆಗಾಲ ಕಳೆಯಲಿ ಎಂದು ಈ ಸಲ ಹೇಳಿದ್ದು ಅವರೇ.